ಆಫ್ರಿಕಾ ಅಧ್ಯಯನದಾಗ ಡಿಗ್ರಿ ಮಾಡಾಕ ಕಾಲೇಜು ಹೆಂಗ ಆರಿಸಬೇಕು?

ಹೆಬ್ಬಳ್ಳಿ ಅಗಸಿ (ಪ್ರಶ್ನೆ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ತಂಗಿ ಈ ವರ್ಷ ಧಾರವಾಡದಾಗ ಪಿಯುಸಿ ಕಲಾ ವಿಭಾಗ ಮುಗಿಸ್ಯಾಳ. ಮೊದಲಿಂದ್ಲೂ ಕನ್ನಡ ಮಾಧ್ಯಮ. ಇತಿಹಾಸ, ರಾಜ್ಯಶಾಸ್ತ್ರ ಎರಡರಾಗೂ 95ರ ಮ್ಯಾಲೆ ಅಂಕ ಅದಾವ. ಆಫ್ರಿಕಾದ ಇತಿಹಾಸ ಮತ್ತ ರಾಜಕಾರಣ ಓದಬೇಕಂತ ಗಟ್ಟಿ ಮನಸ್ಸು ಮಾಡ್ಯಾಳ. ಮನ್ಯಾಗ ಯಾರೂ ಬ್ಯಾಡ ಅಂದಿಲ್ಲ, ಆದ್ರ ದಾರಿ ಯಾವುದು ಅನ್ನೋದು ನಮಗ ತಿಳೀವಲ್ದು.

ನಮ್ಮ ದೇಶದಾಗ ಆಫ್ರಿಕಾ ಅಧ್ಯಯನದ ಬಿಎ ಎಲ್ಲೆರೆ ಅದ ಏನ್ರಿ? ಇಲ್ಲಂದ್ರ ಧಾರವಾಡ ಇಲ್ಲಾ ಹುಬ್ಬಳ್ಳಿಯೊಳಗ ಬಿಎ ಮಾಡಿ ಆಮ್ಯಾಲೆ ದಿಲ್ಲಿಗೆ ಹೋಗೋದು ಛಲೋನೋ, ಈಗ್ಲೇ ಹೋಗೋದು ಛಲೋನೋ? ಹೊರದೇಶ ಅಂದ್ರ ಎಷ್ಟು ರೊಕ್ಕ ಹಿಡೀಬೇಕು? ಓದಿದ ಮ್ಯಾಲೆ ಇಲ್ಲೇ ಕಾಲೇಜಿನ್ಯಾಗ ಕಲಿಸೋ ನೌಕರಿಗೆ ಆ ಡಿಗ್ರಿ ನಡೀತದೋ ಇಲ್ಲೋ? ತಿಳದಾವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಸಾಧನಕೇರಿ ದಂಡಿ

ಮೊದಲ ಪ್ರಶ್ನೆಗೆ ನೇರ ಉತ್ತರ: ಬಿಎ ಮಟ್ಟದಾಗ ಆ ಹೆಸರಿನ ಡಿಗ್ರಿಯನ್ನ ನಮ್ಮ ದೇಶದಾಗ ಹುಡುಕಾಕ ಹೋಗಬ್ಯಾಡ್ರಿ. ಇಲ್ಲಿ ಆಫ್ರಿಕಾ ಅನ್ನೋದು ಎಂಎ ಮತ್ತ ಪಿಎಚ್‌ಡಿಯೊಳಗ ಕೈಗೆ ಸಿಗೋ ವಿಷಯ. ಹಂಗಾಗಿ ಬಿಎ ಕಾಲೇಜು ಆರಿಸುವಾಗ ಕೇಳಬೇಕಾದ್ದು ಒಂದೇ: ಮೂರು ವರ್ಷದಾಗ ಈ ಕಾಲೇಜು ಆಕಿಗೆ ಎಂಎ ಪ್ರವೇಶಕ್ಕೆ ಬೇಕಾದ ಅಡಿಪಾಯ ಹಾಕಿ ಕೊಡ್ತದೋ ಇಲ್ಲೋ?

ಅಡಿಪಾಯ ಅಂದ್ರ ವಿಷಯಗಳ ಜೋಡಣೆ. ಇತಿಹಾಸ ಮತ್ತ ರಾಜ್ಯಶಾಸ್ತ್ರ ಎರಡೂ ಇರೋ ಕಾಂಬಿನೇಶನ್ ತಗೋಬೇಕು. ಮೂರನೇದು ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರ ಯಾವುದಾದ್ರೂ ನಡೀತದ. ನನ್ನ ಕೇಳಿದ್ರ ಭೂಗೋಳ ಅಂತೀನಿ. ಸಹಾರಾದ ಕೆಳಗಿನ ಸಾಹೇಲ್ ಪಟ್ಟಿಯೊಳಗ ಮಳಿ ಎಷ್ಟು ಬೀಳ್ತದ, ಯಾವ ತಿಂಗಳಾಗ ಬೀಳ್ತದ ಅನ್ನೋದು ಗೊತ್ತಿಲ್ಲದ ಅಲ್ಲಿಯ ದನಗಾರರ ಮತ್ತ ರೈತರ ನಡುವಿನ ಜಗಳ ಅರ್ಥ ಆಗೂದಿಲ್ಲ. ಬಯಲುಸೀಮಿಯವರಿಗೆ ಇದು ಬ್ಯಾರೆ ಹೇಳಬೇಕಿಲ್ಲ.

ಕಾಲೇಜಿನ ಹೆಸರು ನೋಡೋಕಿಂತ ಮೂರು ಸಂಗತಿ ಹೋಗಿ ಕಣ್ಣಾರೆ ನೋಡ್ರಿ. ಒಂದು, ಆ ಕಾಂಬಿನೇಶನ್ ಈ ವರ್ಷ ನಡೀತದೋ ಇಲ್ಲೋ. ಪ್ರಾಸ್ಪೆಕ್ಟಸ್‌ನ್ಯಾಗ ಬರದಿರ್ತದ, ಸೇರಿದ ಹುಡುಗರು ಕಡಿಮಿ ಆದ್ರ ಕ್ಲಾಸ್ ನಡಿಯೂದಿಲ್ಲ. ಎರಡು, ರಾಜ್ಯಶಾಸ್ತ್ರ, ಇತಿಹಾಸಕ್ಕ ಕಾಯಂ ಮಾಸ್ತರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ. ವಿದೇಶಕ್ಕ ಅರ್ಜಿ ಹಾಕುವಾಗ ಇಬ್ಬರು ಶಿಫಾರಸು ಪತ್ರ ಬರೀಬೇಕು, ಮೂರು ವರ್ಷ ಆಕಿನ್ನ ನೋಡಿದ ಮಾಸ್ತರೇ ಇಲ್ಲದಿದ್ರ ಆ ಪತ್ರ ಜೊಳ್ಳಾಗ್ತದ. ಮೂರು, ಗ್ರಂಥಾಲಯದಿಂದ ಆನ್‌ಲೈನ್ ಜರ್ನಲ್ ಓದಾಕ ಬರ್ತದೋ ಇಲ್ಲೋ. ಕೇಂದ್ರ ಸರಕಾರದ 'ಒಂದು ದೇಶ ಒಂದು ಚಂದಾ' ಯೋಜನೆ 2025ರ ಜನವರಿಯಿಂದ ಶುರು ಆಗೇದ. 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು ಸರಕಾರಿ ಸಂಸ್ಥೆಗಳಿಗೆ ಸಿಗ್ತಾವ. ಗ್ರಂಥಪಾಲಕರನ್ನ ಕೇಳಿ ನಿಮ್ಮ ಕಾಲೇಜು ಅದರಾಗ ಅದ ಏನು, ವಿದ್ಯಾರ್ಥಿಗೆ ಲಾಗಿನ್ ಕೊಡ್ತಾರೇನು ಅಂತ ಖಾತ್ರಿ ಮಾಡಿಕೊಳ್ರಿ. 1917ರಿಂದ ಇರೋ ಕರ್ನಾಟಕ ಕಾಲೇಜು ಕರ್ನಾಟಕ ವಿಶ್ವವಿದ್ಯಾಲಯದ್ದೇ (ಕವಿವಿ) ಆದ್ದರಿಂದ ಅಲ್ಲಿ ಈ ಪ್ರಶ್ನೆ ಮೊದಲು ಕೇಳ್ರಿ.

ಕನ್ನಡ ಮಾಧ್ಯಮ ಅಡ್ಡಿ ಅಲ್ಲ, ಆದ್ರ ಅದರ ಲೆಕ್ಕ ಈಗ್ಲೇ ಇಡಬೇಕು. ಬಿಎ ಪರೀಕ್ಷೆ ಕನ್ನಡದಾಗ ಬರದ್ರೂ ನಡೀತದ. ಆದ್ರ ಎಂಎ ಸೇರಾಕ ಬರಿಯೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿಯ ರಾಜ್ಯಶಾಸ್ತ್ರ, ಇತಿಹಾಸ ಪತ್ರಿಕೆ ಇಂಗ್ಲಿಷ್ ಮತ್ತ ಹಿಂದಿಯೊಳಗ ಮಾತ್ರ ಬರ್ತದ. ಪದವಿ ಮಟ್ಟದ ಸಿಯುಇಟಿಯೊಳಗ ಕನ್ನಡ ಅದ, ಪಿಜಿಯೊಳಗೂ ಇರ್ತದ ಅಂತ ತಿಳಕೊಂಡು ಕುಂತವ್ರು ಕಡೀ ಗಳಿಗಿಯಾಗ ಗಾಬರಿ ಆಗ್ತಾರ. ಮೊದಲ ಸೆಮಿಸ್ಟರಿನಿಂದ ವಾರಕ್ಕ ಒಂದು ಲೇಖನ ಇಂಗ್ಲಿಷಿನ್ಯಾಗ ಓದಿ, ಒಂದು ಪುಟದ ಸಾರ ಇಂಗ್ಲಿಷಿನ್ಯಾಗೇ ಬರೀಲಿ. ಮೂರು ವರ್ಷಕ್ಕ ನೂರು ದಾಟ್ತಾವ, ಅಷ್ಟರಾಗ ಕೈ ಕುದುರ್ತದ.

ಓದಾಕ ಏನು ಅಂತ ಕೇಳಬ್ಯಾಡ್ರಿ, ಪುಗಸಟ್ಟೆ ಸಿಗೋದೇ ರಾಶಿ ಅದ. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಎಂಎ ರಾಜ್ಯಶಾಸ್ತ್ರದೊಳಗ ಎಂಪಿಎಸ್‌ಇ-005 ಅಂತ ಒಂದು ಕೋರ್ಸ್ ಅದ, ಆಫ್ರಿಕಾದ ರಾಜ್ಯ ಮತ್ತ ಸಮಾಜದ ಮ್ಯಾಲೆ. ಅದರ ಪಾಠಗಳು ಇಗ್ನೋದ ಇ-ಜ್ಞಾನಕೋಶ ಜಾಲತಾಣದಾಗ ಇಳಿಸಿಕೊಳ್ಳಾಕ ಬರ್ತಾವ. ಅದು ಮುಗಿದ ಮ್ಯಾಲೆ ಯುನೆಸ್ಕೋ ತಂದ ಆಫ್ರಿಕಾದ ಸಾಮಾನ್ಯ ಇತಿಹಾಸದ ಮೊದಲ 8 ಸಂಪುಟಗಳಿಗೆ ಕೈ ಹಾಕ್ರಿ, ಯುನೆಸ್ಕೋ ಜಾಲತಾಣದಾಗ ಪಿಡಿಎಫ್ ಅದಾವ. ಒಂದರಿಂದ ಎಂಟರ ತನಕ ಸಾಲಾಗಿ ಓದಾಕ ಹೋದ್ರ ಎರಡನೇದರಾಗೇ ಸೋತು ಬಿಡ್ತಾರ. ವಸಾಹತು ಆಳ್ವಿಕೆಯ 7ನೇ ಸಂಪುಟದಿಂದ ಶುರು ಮಾಡಿ ಹಿಂದಕ್ಕ ಹೋಗೋದು ಛಲೋ. ಯುರೋಪಿನ ದೇಶಗಳು ಆಫ್ರಿಕಾ ಹಂಚಿಕೊಳ್ಳೋ ನಿಯಮ ಮಾಡಿದ 1884-85ರ ಬರ್ಲಿನ್ ಸಮ್ಮೇಳನ ಆಕಿ ಪಿಯುಸಿಯಾಗ ಓದಿದ ಇತಿಹಾಸಕ್ಕ ಹತ್ತಿರ ಇರೋದ್ರಿಂದ ಅಲ್ಲಿ ನೆಲಿ ಸಿಗ್ತದ.

ಇನ್ನೊಂದು ಮಾತು. ಆಫ್ರಿಕಾ ನಮಗ ದೂರದ್ದು ಅಂತ ಯಾರರ ಅಂದ್ರ ಗಂಗಾಳದಾಗಿನ ರೊಟ್ಟಿ ತೋರಸ್ರಿ. ಜೋಳ ಮೊದಲು ಬೆಳಿಯಾಗಿ ಪಳಗಿದ್ದು ಈಗಿನ ಸುಡಾನಿನ ಪೂರ್ವ ಭಾಗದಾಗ, ರಾಗಿ ಇಥಿಯೋಪಿಯ-ಉಗಾಂಡದ ಎತ್ತರದ ಸೀಮಿಯೊಳಗ, ಸಜ್ಜಿ ಪಶ್ಚಿಮದ ಸಾಹೇಲ್‌ದಾಗ. ಅಲಸಂದಿನೂ ಅಲ್ಲಿಂದನ ಬಂದದ್ದು. ಕೃಷಿ ವಿಶ್ವವಿದ್ಯಾಲಯ ಇರೋ ಊರಾಗ ಕುಂತು ಆಫ್ರಿಕಾ ಓದೋರಿಗೆ ಇದು ಸಣ್ಣ ಆಸ್ತಿ ಅಲ್ಲ.

ಉಣಕಲ್ ಓದುಗ

ಮೇಲಿನವರು ಬಿಎ ಬಗ್ಗೆ ಹೇಳಿದ್ದು ಸರಿಯಿದೆ. ಎಂಎ ಮತ್ತು ಮುಂದಿನದನ್ನು ನಾನು ಬರೆಯುತ್ತೇನೆ.

ದೇಶದಲ್ಲಿ ಹಳೆಯ, ಗಟ್ಟಿ ಕೇಂದ್ರಗಳು ಮೂರು. ದಿಲ್ಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗ 1955ರಲ್ಲಿ ಶುರುವಾಯಿತು, ನೆಹರೂ ಅವರೇ ಉದ್ಘಾಟಿಸಿದರು. ಅಲ್ಲಿ ಸ್ವಾಹಿಲಿ ಭಾಷೆಯನ್ನೂ ಕಲಿಸುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಕೇಂದ್ರ 1971ರದ್ದು, ಕಲೀನಾ ಆವರಣದಲ್ಲಿದೆ. ಮೂರನೆಯದು ಜೆಎನ್‌ಯುದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯೊಳಗಿನ ಆಫ್ರಿಕನ್ ಅಧ್ಯಯನ ಕೇಂದ್ರ. ಮೊದಲು ಇದು ಪಶ್ಚಿಮ ಏಷ್ಯಾದ ಜೊತೆ ಒಂದೇ ಕೇಂದ್ರವಾಗಿತ್ತು, ಆಮೇಲೆ ಬೇರೆಯಾಯಿತು. ಹಳೆಯ ಲೇಖನಗಳಲ್ಲಿ ಜೋಡಿ ಹೆಸರು ಕಂಡರೆ ಗೊಂದಲ ಮಾಡಿಕೊಳ್ಳಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ನನ್ನ ಪ್ರಕಾರ ಅದೇ ಮೊದಲನೆಯದಾಗಬೇಕಿತ್ತು. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ 'ಸಂಬಂಧಿತ ವಿಷಯದಲ್ಲಿ' ಸ್ನಾತಕೋತ್ತರ ಪದವಿ ಕೇಳುತ್ತಾರೆ. ಹುದ್ದೆ ಇರುವುದು ರಾಜ್ಯಶಾಸ್ತ್ರಕ್ಕೆ, ಇತಿಹಾಸಕ್ಕೆ. ಆ ಹುದ್ದೆಯ ಅರ್ಹತೆಗೆ ರಾಜ್ಯ ನಡೆಸುವ ಪರೀಕ್ಷೆ ಕೆ-ಸೆಟ್‌ನಲ್ಲಿ ಆಫ್ರಿಕಾ ಅಧ್ಯಯನ ಎಂಬ ಪತ್ರಿಕೆ ಇಲ್ಲ. ಅಂಥದೇ ರಾಷ್ಟ್ರಮಟ್ಟದ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ 'ಅಂತರರಾಷ್ಟ್ರೀಯ ಮತ್ತು ಪ್ರಾದೇಶಿಕ ಅಧ್ಯಯನ' ಎಂಬ ವಿಷಯವಿದೆ, ಅದರಲ್ಲಿ ತೇರ್ಗಡೆಯಾದರೂ ಇಲ್ಲಿನ ಅಧಿಸೂಚನೆಯಲ್ಲಿ ಆ ಹೆಸರಿನ ಹುದ್ದೆ ಇರುವುದಿಲ್ಲ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಪ್ರಮಾಣಪತ್ರದ ಮೇಲೆ ಅಚ್ಚಾದ ಹೆಸರೇ ಮುಖ್ಯ, ಒಳಗೆ ಏನು ಓದಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಅದಕ್ಕೇ ನನ್ನ ಸಲಹೆ: ಎಂಎ ಹೆಸರು ರಾಜ್ಯಶಾಸ್ತ್ರ ಅಥವಾ ಇತಿಹಾಸ ಎಂದೇ ಇರಲಿ, ಐಚ್ಛಿಕ ಪತ್ರಿಕೆಗಳೂ ಪ್ರಬಂಧವೂ ಆಫ್ರಿಕಾದ ಮೇಲಿರಲಿ, ಪಿಎಚ್‌ಡಿಯನ್ನು ಆಫ್ರಿಕನ್ ಕೇಂದ್ರದಲ್ಲೇ ಮಾಡಲಿ. ಜೆಎನ್‌ಯುದಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ವಿಶೇಷತೆಯೊಂದಿಗೆ ರಾಜ್ಯಶಾಸ್ತ್ರದ ಎಂಎ ಇದೆ, ಈ ಲೆಕ್ಕಕ್ಕೆ ಅದು ಚೆನ್ನಾಗಿ ಕೂಡುತ್ತದೆ. ಕಲಿಸುವ ನೌಕರಿಯ ಆಸೆಯೇ ಇಲ್ಲ, ಸಂಶೋಧನೆ, ವಿದೇಶಾಂಗ, ವ್ಯಾಪಾರದ ಕಡೆ ಹೋಗುತ್ತೇನೆ ಎಂದರೆ ಪದವಿಯ ಹೆಸರಿನ ಚಿಂತೆ ಬಿಡಬಹುದು.

ಪ್ರವೇಶದ ಹೆಜ್ಜೆಗಳಲ್ಲಿ ಎಡವುವ ಜಾಗಗಳು: ಜೆಎನ್‌ಯು, ದಿಲ್ಲಿ ಎರಡೂ ಎಂಎಗೆ ಸಿಯುಇಟಿ ಪಿಜಿ ಅಂಕ ನೋಡುತ್ತವೆ. ಪತ್ರಿಕೆಯಲ್ಲಿ 75 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಅಂದರೆ ಬಿಎ ಕೊನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಬರುತ್ತದೆ. ಅರ್ಜಿ ಅದಕ್ಕೂ ಎರಡು-ಮೂರು ತಿಂಗಳು ಮುಂಚೆ ತೆರೆಯುತ್ತದೆ. ಇಲ್ಲಿನ ಹುಡುಗರು ಸೆಮಿಸ್ಟರ್ ಫಲಿತಾಂಶ ಬರಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ. ಕೊನೆಯ ವರ್ಷದಲ್ಲಿ ಇರುವವರೂ ಅರ್ಜಿ ಹಾಕಬಹುದು. ಇನ್ನೂ ದೊಡ್ಡ ತಪ್ಪೆಂದರೆ ಸಿಯುಇಟಿ ಬರೆದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದು. ಅಂಕ ಬಂದ ಮೇಲೆ ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆ ನೋಂದಣಿ, ಬೇರೆ ಶುಲ್ಕ. ಅದನ್ನು ಮಾಡದಿದ್ದರೆ 250 ಅಂಕ ಬಂದರೂ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ಮುಂಬಯಿಗೆ ಅವರದೇ ಪ್ರತ್ಯೇಕ ಅರ್ಜಿ. ಮೀಸಲಾತಿ ಇದ್ದರೆ ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರ ತಹಶೀಲ್ದಾರ್ ಕಚೇರಿಯಿಂದ ಮೊದಲೇ ಮಾಡಿಸಿಡಿ, ರಾಜ್ಯದ 2ಎ, 3ಬಿ ನಮೂನೆ ಅಲ್ಲಿ ನಡೆಯುವುದಿಲ್ಲ. ಒಬಿಸಿ ಕೆನೆಪದರ ಇಲ್ಲದ ಪ್ರಮಾಣಪತ್ರ ಆ ಹಣಕಾಸು ವರ್ಷದ್ದೇ ಆಗಿರಬೇಕು.

ಜಾಲತಾಣಗಳಲ್ಲಿ ಇನ್ನೂ ಎಂಫಿಲ್ (ಎಂಎ, ಪಿಎಚ್‌ಡಿ ನಡುವಿನ ಪದವಿ) ಎಂದು ಕಂಡರೆ ಅದು ಹಳೆಯ ಪುಟ. 2022ರ ಯುಜಿಸಿ ನಿಯಮದಿಂದ ಎಂಫಿಲ್ ನಿಂತಿದೆ. ಪಿಎಚ್‌ಡಿ ಪ್ರವೇಶಕ್ಕೆ ಈಗ ನೆಟ್ ಅಂಕವೇ ದಾರಿ, ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37 ಸಾವಿರ ರೂಪಾಯಿ.

ವಿಭಾಗವನ್ನು ತೂಗುವುದು ಹೇಗೆ? ಅಧ್ಯಾಪಕರ ಪಟ್ಟಿ ತೆಗೆದು, ಒಬ್ಬೊಬ್ಬರೂ ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ನೋಡಿ. ಬರೆದದ್ದೆಲ್ಲ ಭಾರತ-ಆಫ್ರಿಕಾ ಸಂಬಂಧದ ಮೇಲೆಯೇ ಇದ್ದರೆ ಅದು ವಿದೇಶಾಂಗ ನೀತಿಯ ವಿಭಾಗ ಎಂದು ತಿಳಿಯಿರಿ, ತಪ್ಪೇನಿಲ್ಲ, ಆದರೆ ಮಾಲಿ ಸಾಮ್ರಾಜ್ಯದ ಇತಿಹಾಸ ಓದಬೇಕೆಂದವರಿಗೆ ಅಲ್ಲಿ ಮಾರ್ಗದರ್ಶಕರು ಸಿಗುವುದಿಲ್ಲ. ನಿಮ್ಮ ತಂಗಿಗೆ ಇತಿಹಾಸ, ರಾಜಕಾರಣ ಎರಡೂ ಬೇಕು ಎಂದಿದ್ದೀರಿ. ಯಾವುದು ಮುಂದೆ ಎಂದು ಬಿಎ ಎರಡನೇ ವರ್ಷದೊಳಗೆ ತೀರ್ಮಾನಿಸಿಕೊಳ್ಳಲಿ.

ಹೆಬ್ಬಳ್ಳಿ ಅಗಸಿ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಕೇಂದ್ರದ ನಮೂನೆಯ ಪ್ರಮಾಣಪತ್ರದ ಮಾತು ನಮಗ ಗೊತ್ತ ಇರಲಿಲ್ಲ. ಇನ್ನೊಂದು ಕೇಳ್ತೀನಿ. ಭಾಷಾ ಯಾವುದು ಕಲೀಬೇಕು? ಫ್ರೆಂಚ್ ಅಂತ ಒಬ್ಬರು, ಸ್ವಾಹಿಲಿ ಅಂತ ಒಬ್ಬರು ಹೇಳಾಕತ್ಯಾರ. ಮತ್ತ ಕಲಘಟಗಿ, ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿ ಜನರ ಮ್ಯಾಲೆ ಕೆಲಸ ಮಾಡಿದ್ರ ಅದು ಆಫ್ರಿಕಾ ಅಧ್ಯಯನ ಅನ್ನಿಸ್ಕೋತದೇನ್ರಿ?

ಕಲಘಟಗಿ ರಸ್ತೆ

ಭಾಷಾದ ಪ್ರಶ್ನೆ ಕೇಳಿದ್ದು ಛಲೋ ಆತು. ಆಫ್ರಿಕಾದಾಗ ಸುಮಾರು ಎರಡು ಸಾವಿರ ಭಾಷಾ ಅದಾವ. ಅಲ್ಲಿಯ ಒಂದಾದ್ರೂ ಭಾಷಾ ಬರಲಾರದ ಆಫ್ರಿಕಾ ಓದಿದವರು ಯಾವಾಗ್ಲೂ ಬ್ಯಾರೆಯವರ ಅನುವಾದದ ಮ್ಯಾಲೇ ನಿಂತಿರ್ತಾರ. ಕಾಲೇಜು ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡೋದು ಇದನ್ನ: ಅಲ್ಲಿ ಒಂದು ಆಫ್ರಿಕನ್ ಭಾಷಾನ ಕನಿಷ್ಠ ಎರಡು ವರ್ಷ ಕಲಿಸ್ತಾರೇನು? ಒಂದು ಸೆಮಿಸ್ಟರಿನ ಪರಿಚಯ ಕೋರ್ಸ್ ಲೆಕ್ಕಕ್ಕಿಲ್ಲ.

ಯಾವ ಭಾಷಾ ಅನ್ನೋದು ಯಾವ ಸೀಮಿ ಅನ್ನೋದರ ಮ್ಯಾಲೆ ನಿಂತದ. ಟಾಂಜಾನಿಯ, ಕೀನ್ಯಾ, ಉಗಾಂಡ, ಪೂರ್ವ ಕಾಂಗೋ ಅಂದ್ರ ಸ್ವಾಹಿಲಿ. ಆಫ್ರಿಕನ್ ಒಕ್ಕೂಟ 2022ರಾಗ ಅದನ್ನ ತನ್ನ ಕೆಲಸದ ಭಾಷಾ ಮಾಡಿಕೊಂಡದ. ಸೆನೆಗಲ್, ಮಾಲಿ, ಐವರಿ ಕೋಸ್ಟ್ ಅಂದ್ರ ಕಡತಕ್ಕ ಫ್ರೆಂಚ್, ಜನರ ಕೂಡ ಮಾತಿಗೆ ವೊಲೊಫ್, ಬಂಬಾರ. ನೈಜೀರಿಯದ ಉತ್ತರಕ್ಕ ಹೌಸಾ. ಅಂಗೋಲ, ಮೊಜಾಂಬಿಕ್‌ಗೆ ಪೋರ್ಚುಗೀಸ್.

ಕನ್ನಡದವರಿಗೆ ಸ್ವಾಹಿಲಿ ಜಲ್ದಿ ಕೈಗೆ ಹತ್ತುತದ ಅಂತ ನಾನು ಧೈರ್ಯದಿಂದ ಹೇಳ್ತೀನಿ, ಯಾಕಂದ್ರ ಎರಡೂ ಅಂಟು ಭಾಷಾ, ಅಂದ್ರ ಧಾತುವಿಗೆ ತುಣುಕು ಅಂಟಿಸಿ ಶಬ್ದ ಕಟ್ಟೋವು. ನಾವು 'ಓದುವೆನು' ಅನ್ನುವಾಗ ಮೊದಲು ಧಾತು, ಆಮ್ಯಾಲೆ ಕಾಲ, ಕಡೀಕ ಯಾರು ಅನ್ನೋದು: ಓದು-ವ್-ಎನು. ಸ್ವಾಹಿಲಿಯಾಗ 'ನಿತಾಸೋಮ', ಅಂದ್ರ ನಿ-ತಾ-ಸೋಮ: ನಾನು, ಭವಿಷ್ಯ, ಓದು. ಕನ್ನಡಿಯಾಗ ನೋಡಿದಂಗ ಅದೇ ಕ್ರಮ ತಿರುವು ಮುರುವು. ಉಚ್ಚಾರನೂ ಬರದಂಗ ಅದ. ಎಡವೋದು ಎಲ್ಲಿ ಅಂದ್ರ ನಾಮಪದದ ವರ್ಗದಾಗ. ನಮ್ಮಲ್ಲಿ ಮೂರು ಲಿಂಗ, ಅಲ್ಲಿ ಎಣಿಸೋ ರೀತಿ ಮ್ಯಾಲೆ 15ರಿಂದ 18 ವರ್ಗ. 'ಕಿತಾಬು ಕಿಮೋಜ ಕಿಮೆಯಾಂಗುಕ' ಅಂದ್ರ ಒಂದು ಪುಸ್ತಕ ಬಿದ್ದದ. ಎರಡಾದ್ರ 'ವಿತಾಬು ವಿವಿಲಿ ವಿಮೆಯಾಂಗುಕ'. ನಾಮಪದ, ಸಂಖ್ಯೆ, ಕ್ರಿಯಾಪದ ಮೂರಕ್ಕೂ ಮುಂದಿನ ಅಕ್ಷರ ಕೂಡೇ ಬದಲಾಗಬೇಕು. ಪುಸ್ತಕ ಅನ್ನೋ ಶಬ್ದ ಅರಬ್ಬಿಯಿಂದ ಬಂದದ್ದಾದ್ರೂ ಅದರ ಮೊದಲ 'ಕಿ'ಯನ್ನ ಸ್ವಾಹಿಲಿ ತನ್ನ ವರ್ಗದ ಗುರುತು ಅಂತನ ತಗೊಂಡು 'ವಿತಾಬು' ಮಾಡಿಬಿಟ್ಟದ, ಅದು ನೋಡಾಕ ಚೆಂದ. ಶಬ್ದಗಳನ್ನ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದ್ರ ಇದು ತಲಿಗೆ ಹತ್ತೂದಿಲ್ಲ, ವಾಕ್ಯದ ಜೋಡಿನೇ ಮಾಡಿಕೊಳ್ಳಬೇಕು. ದುಕಾ, ಗಾರಿ, ಬಿಮಾ, ಲಕಿ, ಚಪಾತಿ ಅನ್ನೋವು ಹಿಂದೂ ಮಹಾಸಾಗರ ದಾಟಿ ಹೋದ ನಮ್ಮ ಕಡಿ ಮಾತುಗಳೇ. ಬಿಎ ಮೂರು ವರ್ಷದಾಗ ಮೊಬೈಲ್ ಆಪ್‌ನಿಂದ ಶುರು ಮಾಡಿ, ಬಿಬಿಸಿಯ ಸ್ವಾಹಿಲಿ ಸುದ್ದಿ ಕೇಳೋ ಹಂತಕ್ಕ ಬರೋದು ದಿನಾ 30 ನಿಮಿಷ ಕೊಟ್ರ ಆಗೋ ಮಾತು. ಬರೇ ಆಪ್ ನೆಚ್ಚಿದ್ರ ಮಾತ್ರ ವ್ಯಾಕರಣ ಅರ್ಧಕ್ಕ ನಿಲ್ತದ, ಕೂಡ ಒಂದು ಪಠ್ಯಪುಸ್ತಕ ಬೇಕ ಬೇಕು.

ಪೋರ್ಚುಗೀಸ್ ಕಡಿ ಹೋಗೋದಾದ್ರ ಧಾರವಾಡದವರಿಗೆ ದೇಶದಾಗ ಯಾರಿಗೂ ಇರಲಾರದ ಅನುಕೂಲ ಅದ: ಗೋವಾ. ಗೋವಾ ವಿಶ್ವವಿದ್ಯಾಲಯದಾಗ ಪೋರ್ಚುಗೀಸ್ ಕಲಿಸ್ತಾರ. ಮೊಜಾಂಬಿಕ್ 1752ರ ತನಕ ಗೋವಾದ ಆಡಳಿತಕ್ಕ ಸೇರಿತ್ತು, ಹಂಗಾಗಿ ಪಣಜಿಯ ಪತ್ರಾಗಾರದಾಗ ಪೂರ್ವ ಆಫ್ರಿಕಾದ ಕಾಗದ ಪತ್ರ ಅದಾವ. ಇದನ್ನ ಓದಾಕ ಬರೇ ಭಾಷಾ ಸಾಲದು, ಹಳೇ ಕೈಬರಹ ಓದೋದು ಬ್ಯಾರೆ ಕಲೀಬೇಕು. ಇಂಥ ಸಂಶೋಧನಾ ಪ್ರಸ್ತಾವ ಹಿಡಕೊಂಡು ಹೋದ ಅಭ್ಯರ್ಥಿಯನ್ನ ದಿಲ್ಲಿಯಾಗ್ಲಿ ಲಿಸ್ಬನ್ ಆಗ್ಲಿ ಲಕ್ಷ್ಯಗೊಟ್ಟು ನೋಡ್ತದ.

ಈಗ ಸಿದ್ದಿ ಜನರ ವಿಷಯ. ಅವರು ಹೆಚ್ಚಾಗಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ನಮ್ಮ ಕಲಘಟಗಿ, ಅತ್ತಾಗ ಖಾನಾಪುರದಾಗ ಅದಾರ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು. ಆಡೋದು ಕೊಂಕಣಿ, ಕನ್ನಡ, ಮರಾಠಿ. ಉತ್ತರ ಕನ್ನಡದವರಿಗೆ 2003ರಾಗ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ತು, ಧಾರವಾಡ ಮತ್ತ ಬೆಳಗಾವಿ ಜಿಲ್ಲಾದವರನ್ನ ಸೇರಿಸಿದ್ದು 2020ರಾಗ.

ಅವರ ಮ್ಯಾಲೆ ಕೆಲಸ ಮಾಡೋದು ದೊಡ್ಡ ಕೆಲಸ, ಆದ್ರ ಅದರ ಹೆಸರು ಸರಿಯಾಗಿ ತಿಳಕೊಳ್ರಿ. ಅದು ಹಿಂದೂ ಮಹಾಸಾಗರದ ಅಧ್ಯಯನ, ಇಲ್ಲಾ ಆಫ್ರಿಕನ್ ಮೂಲದವರ ವಲಸೆಯ ಅಧ್ಯಯನ. ಆಫ್ರಿಕಾ ಖಂಡದ ಮ್ಯಾಲಿನ ಅಧ್ಯಯನಕ್ಕ ಅದು ಬದಲಿ ಆಗೂದಿಲ್ಲ. ಕೆಲವು ವಿಭಾಗ ಎರಡನ್ನೂ ಕೂಡೇ ಇಟ್ಕೋತಾವ, ಕೆಲವು 'ಇದು ದಕ್ಷಿಣ ಏಷ್ಯಾ ವಿಭಾಗಕ್ಕ ಕಳಸ್ರಿ' ಅಂತಾವ. ಮೊದಲೇ ಕೇಳಿ ತಿಳಕೊಳ್ರಿ. ಬಿಎ, ಎಂಎ ಪ್ರಾಜೆಕ್ಟ್‌ನ್ಯಾಗ ಭಾಳ ಮಂದಿ ಮಾಡೋ ತಪ್ಪು ಅಂದ್ರ ಸಿದ್ದಿಯರ ಹಾಡಿನ್ಯಾಗ, ಡಮಾಮಿಯ ಬಡಿತದಾಗ ಆಫ್ರಿಕಾದ ಪಳೆಯುಳಿಕೆ ಹುಡುಕಿ ಪಟ್ಟಿ ಮಾಡೋದು. ಮಂದಿ ಇವತ್ತು ಹೆಂಗ ಬದುಕ್ಯಾರ, ಕಾಡಿನ ಹಕ್ಕು ಏನಾತು, ಕೌದಿಯ ಹೊಲಿಗಿ ಯಾರ ಕೈಯಾಗ ಅದ, ಅದರ ರೊಕ್ಕ ಯಾರಿಗೆ ಹೋಗ್ತದ ಅನ್ನೋದನ್ನ ಕೇಳದ ಬರೇ ಮೂಲ ಕೇಳಿದ್ರ ಅವರನ್ನ ಸಂಗ್ರಹಾಲಯದ ಗಾಜಿನ ಪೆಟ್ಟಿಗಿಯಾಗ ಇಟ್ಟಂಗ. ಫೋಟೊ, ಧ್ವನಿಮುದ್ರಣಕ್ಕ ಒಪ್ಪಿಗಿ ಮೊದಲು, ಅವರು ಆಡೋ ಭಾಷಾದಾಗೇ. ಕವಿವಿಯೊಳಗ ಮಾನವಶಾಸ್ತ್ರ ವಿಭಾಗ ಅದ, ಗೊಟಗೋಡಿಯೊಳಗ ಜಾನಪದ ವಿಶ್ವವಿದ್ಯಾಲಯ ಅದ. ಕ್ಷೇತ್ರಕಾರ್ಯದ ರೀತಿ ಕಲಿಯಾಕ ಅಲ್ಲಿಯ ಮಾಸ್ತರನ್ನ ಕಾಣಬಹುದು.

ಇತಿಹಾಸದ ಕಡಿ ಒಲವಿದ್ರ ಇನ್ನೊಂದು ಬಾಗಿಲು ವಿಜಯಪುರ. ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬಶಿ, ಅಂದ್ರ ಇಥಿಯೋಪಿಯ ಕಡಿ ಮೂಲದವ. ಅಹಮದನಗರದ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯದಾಗ. ಈ ದಾರಿಗೆ ಬೇಕಾದ್ದು ಫಾರ್ಸಿ.

ಬೆಟಗೇರಿ ಮಗ್ಗ

ಹೊರದೇಶದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಮೊದಲು ಹೆಸರಿನ ಗೊಂದಲ ಕಳೆಯಬೇಕು. ಅಮೆರಿಕದಲ್ಲಿ 'ಆಫ್ರಿಕನ್ ಸ್ಟಡೀಸ್' ಬೇರೆ, 'ಆಫ್ರಿಕನ್ ಅಮೆರಿಕನ್ ಸ್ಟಡೀಸ್' ಬೇರೆ. 'ಆಫ್ರಿಕಾನಾ' ಎಂದರೆ ಸಾಮಾನ್ಯವಾಗಿ ಎರಡನ್ನೂ ಕೆರಿಬಿಯನ್ನನ್ನೂ ಸೇರಿಸಿದ್ದು. ಹೆಸರು ನೋಡಿ ಅರ್ಜಿ ಹಾಕಿ, ಆಮೇಲೆ ಹೆಚ್ಚಿನ ಪತ್ರಿಕೆಗಳು ಅಮೆರಿಕದ ಕಪ್ಪು ಜನರ ಇತಿಹಾಸದ ಮೇಲಿವೆ ಎಂದು ಗೊತ್ತಾದರೆ ವರ್ಷವೇ ಹೋಗುತ್ತದೆ. ಪ್ರತಿ ಸೆಮಿಸ್ಟರಿನ ಪತ್ರಿಕೆಗಳನ್ನು ಎಣಿಸಿ: ಅರ್ಧಕ್ಕಿಂತ ಹೆಚ್ಚು ಖಂಡದ ಮೇಲಿವೆಯೇ?

ಅಮೆರಿಕದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕಾರ್ಯಕ್ರಮ 1948ರದ್ದು, ಅದರ ಹರ್ಸ್ಕೊವಿಟ್ಸ್ ಗ್ರಂಥಾಲಯ ಈ ವಿಷಯಕ್ಕೇ ಮೀಸಲು. ಅಲ್ಲಿ ಭಾಷೆ ಕಲಿಯಲು ಕೊಡುವ ಫ್ಲಾಸ್ ಎಂಬ ಫೆಲೋಶಿಪ್ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ, ಅಂದರೆ ಇಲ್ಲಿ ಎಂಎ ಮಾಡಿಕೊಂಡೇ ಹೋಗಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಮೂರು ವರ್ಷದ ಬಿಎ ನಡೆಯುತ್ತದೆ.

ಬ್ರಿಟನ್ನಿನಲ್ಲಿ ಲಂಡನ್ನಿನ ಸೋವಾಸ್ (ಪೌರ್ವಾತ್ಯ ಮತ್ತು ಆಫ್ರಿಕನ್ ಅಧ್ಯಯನ ಶಾಲೆ) 1916ರಲ್ಲಿ ಸ್ಥಾಪನೆಯಾದದ್ದು, ಭಾಷೆ ಮತ್ತು ಗ್ರಂಥಾಲಯ ಎರಡಕ್ಕೂ ಹೆಸರುವಾಸಿ. ಎಡಿನ್‌ಬರೊದ ಕೇಂದ್ರ 1962ರದ್ದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲೂ ಸ್ನಾತಕೋತ್ತರ ಕೋರ್ಸ್ ಇವೆ. ವರ್ಷಕ್ಕೆ ಶುಲ್ಕವೇ 20 ಸಾವಿರ ಪೌಂಡ್ ದಾಟುತ್ತದೆ, ಮೇಲೆ ಊಟ-ಬಾಡಿಗೆ. ವಿದ್ಯಾರ್ಥಿವೇತನ ಇಲ್ಲದೆ ಈ ವಿಷಯಕ್ಕೆ ಸಾಲ ಮಾಡಿ ಹೋಗಬೇಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಓದಿದ ಮೇಲಿನ ಸಂಬಳದಲ್ಲಿ ಆ ಸಾಲ ತೀರುವುದು ಕಷ್ಟ.

ಕಡಿಮೆ ಖರ್ಚಿನ ದಾರಿ ಜರ್ಮನಿ. ಬೈರೊಯ್ಟ್ ವಿಶ್ವವಿದ್ಯಾಲಯ ಆಫ್ರಿಕಾ ಅಧ್ಯಯನಕ್ಕೇ ಹೆಸರಾದದ್ದು, ಲೈಪ್‌ಜಿಗ್‌ನಲ್ಲೂ ಹಳೆಯ ವಿಭಾಗ ಇದೆ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ತೋರಿಸಬೇಕು, ತಿಂಗಳಿಗೆ 992ರಂತೆ ಅದು ನಿಮಗೇ ವಾಪಸು ಬರುತ್ತದೆ. ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ, ಶುಲ್ಕ 18 ಸಾವಿರ ರೂಪಾಯಿ. ಇದಕ್ಕೆ ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿ ಬೇಕು. ಒಂದು ಅಂಕಪಟ್ಟಿಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಹೀಗಿದ್ದರೆ ಅಲ್ಲೇ ಕಡತ ನಿಲ್ಲುತ್ತದೆ. ನಮ್ಮ ಕಡೆ ಅಡ್ಡಹೆಸರಿನದು ಬಹಳ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹಾಗೆಯೇ ಬಿಎ ಪ್ರವೇಶ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲೂ ಅಕ್ಷರಕ್ಕೆ ಅಕ್ಷರ ಬರೆಯಿಸಿ. ಇದನ್ನು ಈ ತಿಂಗಳೇ ಮಾಡಬಹುದು. ಇನ್ನು ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ 1947ರ ಆಫ್ರಿಕನ್ ಅಧ್ಯಯನ ಕೇಂದ್ರ ಇದೆ, ಅದರ ಗ್ರಂಥಾಲಯದ ಡಿಜಿಟಲ್ ಸಂಗ್ರಹವನ್ನು ಇಲ್ಲಿಂದಲೇ ಬಳಸಬಹುದು.

ಆಫ್ರಿಕಾದಲ್ಲೇ ಓದುವುದನ್ನು ನಮ್ಮವರು ಯೋಚಿಸುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ಘಾನಾದ ಲೆಗೊನ್‌ನಲ್ಲಿರುವ ಆಫ್ರಿಕನ್ ಅಧ್ಯಯನ ಸಂಸ್ಥೆಯನ್ನು ಆಗಿನ ಅಧ್ಯಕ್ಷ ಎನ್‌ಕ್ರೂಮಾ 1963ರಲ್ಲಿ ವಿಧ್ಯುಕ್ತವಾಗಿ ತೆರೆದರು. ಆ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಓದಿದರೂ ಆಫ್ರಿಕಾ ಅಧ್ಯಯನದ ಒಂದು ಪತ್ರಿಕೆ ಕಡ್ಡಾಯ. ನೈಜೀರಿಯದ ಇಬಾದಾನ್, ಉಗಾಂಡದ ಮಕೆರೆರೆ (1922), ಸ್ವಾಹಿಲಿಗೆ ದಾರ್ ಎಸ್ ಸಲಾಂ, ದಕ್ಷಿಣದಲ್ಲಿ ಕೇಪ್‌ಟೌನ್. ದಕ್ಷಿಣ ಆಫ್ರಿಕಾದಲ್ಲಿ ಶೈಕ್ಷಣಿಕ ವರ್ಷ ಫೆಬ್ರುವರಿಯಲ್ಲಿ ಶುರು, ಜೂನ್‌ನಲ್ಲಿ ಬಿಎ ಮುಗಿಸಿದವರಿಗೆ ತಯಾರಿಗೆ ಏಳೆಂಟು ತಿಂಗಳು ಸಿಗುತ್ತದೆ. ವಿದೇಶಿ ಪದವಿಗೆ ಸಾಕ್ವಾ ಎಂಬ ಸಂಸ್ಥೆಯ ಮೌಲ್ಯಮಾಪನ ಬೇಕಾಗುತ್ತದೆ. ಕೇಪ್‌ಟೌನ್ ಬಗ್ಗೆ ಒಂದು ಮಾತು: 2021ರ ಏಪ್ರಿಲ್‌ನ ಬೆಂಕಿಯಲ್ಲಿ ಜಾಗರ್ ವಾಚನಾಲಯ ಸುಟ್ಟು, ಆಫ್ರಿಕನ್ ಅಧ್ಯಯನದ ಸುಮಾರು 70 ಸಾವಿರ ಮುದ್ರಿತ ಪುಸ್ತಕಗಳಲ್ಲಿ ಬಹುಪಾಲು ಹೋದವು. ಗ್ರಂಥಾಲಯ ನೆಚ್ಚಿ ಹೋಗುವವರು ಈಗ ಏನೇನು ಇದೆ ಎಂದು ಕೇಳಿಯೇ ಹೋಗಬೇಕು.

ಘಾನಾ, ಉಗಾಂಡ, ನೈಜೀರಿಯಕ್ಕೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ. ಚುಚ್ಚಿಸಿಕೊಂಡ 10 ದಿನದ ಮೇಲೆ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಪತ್ರ ಇಲ್ಲದೆ ಅಂಥ ದೇಶದಿಂದ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕ ಇಡುತ್ತಾರೆ.

ಹಣದ ವಿಷಯ. ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿ ಕಾರ್ಮಿಕ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಅರ್ಹತಾ ಪದವಿಯಲ್ಲಿ ಶೇ. 60. ಪರಿಶಿಷ್ಟ ಪಂಗಡಕ್ಕೆ ಬೇರೆ ಯೋಜನೆ. 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸದ ಮೇಲಿನ ವಿಷಯಗಳನ್ನು ಇದರಿಂದ ತೆಗೆದರು. ಆಫ್ರಿಕಾದ ವಿಷಯಕ್ಕೆ ಅದರಿಂದ ಅಡ್ಡಿ ಇಲ್ಲ, ಆದರೆ ಸಿದ್ದಿಯರ ಮೇಲಿನ ಪ್ರಸ್ತಾವ ಆ ಗೆರೆಗೆ ತಾಗಬಹುದು. ವಿಶ್ವವಿದ್ಯಾಲಯ ಕ್ಯೂಎಸ್ ಎಂಬ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ 500ರಲ್ಲಿ ಇರಬೇಕು, ಆಫ್ರಿಕಾದ ಹೆಚ್ಚಿನವು ಅದರಾಚೆ ಬೀಳುತ್ತವೆ. ಬ್ರಿಟನ್ ಸರಕಾರದ ವಿದ್ಯಾರ್ಥಿವೇತನ ಚೀವ್ನಿಂಗ್‌ಗೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು, ಓದು ಮುಗಿದ ಕೂಡಲೇ ಅರ್ಜಿ ಹಾಕಿದರೆ ತಿರಸ್ಕಾರವೇ.

ಬ್ಯಾಡಗಿ ಪ್ಯಾಟಿ

ಉಣಕಲ್ ಓದುಗರ ಮಾತಿಗೆ ಒಂದು ಸೇರಸ್ತೀನಿ. ಕಲಿಸೋ ನೌಕರಿ ಒಂದೇ ಕಣ್ಣ ಮುಂದ ಇಟ್ಕೊಂಡು ಕಾಲೇಜು ಆರಿಸಬ್ಯಾಡ್ರಿ. ಭಾರತ ಮತ್ತ ಮೊಜಾಂಬಿಕ್ 2016ರಾಗ ತೊಗರಿ ಒಪ್ಪಂದ ಮಾಡಿಕೊಂಡಾವ, ವರ್ಷಕ್ಕ 2 ಲಕ್ಷ ಟನ್ ತನಕ ಅಲ್ಲಿಂದ ಬರ್ತದ. ಮಲಾವಿಯಿಂದ 50 ಸಾವಿರ ಟನ್. ಆ ತೊಗರಿ ಬಂದರಿಗೆ ಬಂದಾಗ ನಮ್ಮ ಎಪಿಎಂಸಿಯೊಳಗ ದರ ಅಲುಗಾಡ್ತದ. ಕರಾವಳಿ ಗೇರು ಕಾರ್ಖಾನಿಗಳು ಐವರಿ ಕೋಸ್ಟ್, ಟಾಂಜಾನಿಯ, ಬೆನಿನ್‌ನ ಹಸಿ ಗೋಡಂಬಿ ಮ್ಯಾಲೆ ನಿಂತಾವ. ಏರ್‌ಟೆಲ್ ಒಂದೇ 14 ಆಫ್ರಿಕನ್ ದೇಶದಾಗ ಅದ. ಈ ಕಡಿ ಹೋಗೋರಿಗೆ ಫ್ರೆಂಚ್ ಇಲ್ಲಾ ಪೋರ್ಚುಗೀಸ್, ಮ್ಯಾಲೆ ಅರ್ಥಶಾಸ್ತ್ರ ಒಂದು ವಿಷಯ ಬೇಕ ಬೇಕು. ಹಂಗಾಗಿ ಬಿಎಯ ಮೂರನೇ ವಿಷಯ ಭೂಗೋಳ ಅಂದಾರ ಸಾಧನಕೇರಿಯವರು, ನಾನು ಅರ್ಥಶಾಸ್ತ್ರ ಅಂತೀನಿ.

ಸಾಧನಕೇರಿ ದಂಡಿ

ವ್ಯಾಪಾರದ ಕಡಿ ಹೋಗೋದಾದ್ರ ಬ್ಯಾಡಗಿಯವರ ಮಾತು ಸರಿ ಅದ, ಅರ್ಥಶಾಸ್ತ್ರ ತಗೋಲಿ.

ಅಗಸಿಯವರ, ಇನ್ನೊಂದು ಕೆಲಸ ಬಿಎ ಎರಡನೇ ವರ್ಷದ ದಸರಾ ಸೂಟಿಯೊಳಗ ಮಾಡ್ರಿ. ಆಕಿಗೆ ಹಿಡಿಸಿದ ನಾಲ್ಕು ವಿಭಾಗಕ್ಕ ಆಕಿನ ಇ-ಮೇಲ್ ಬರೀಲಿ. ಎಂಟು ಸಾಲಿಗಿಂತ ಹೆಚ್ಚು ಬ್ಯಾಡ. ತಾನು ಏನು ಓದಾಕತ್ತೀನಿ, ಆಫ್ರಿಕಾದ ಯಾವ ಸೀಮಿ ಮತ್ತ ಯಾವ ಕಾಲ, ಯಾವ ಭಾಷಾ ಎಷ್ಟು ತಿಂಗಳಿಂದ ಕಲಿಯಾಕತ್ತೀನಿ ಅಂತ ಮೊದಲ ಮೂರು ಸಾಲು. ಆಮ್ಯಾಲೆ ಪ್ರಶ್ನೆ: ಕಳೆದ ಎರಡು ವರ್ಷದಾಗ ಯಾವ ಐಚ್ಛಿಕ ಪತ್ರಿಕೆ ನಿಜವಾಗಿ ನಡೆದಾವ? ಭಾಷಾ ತರಗತಿಗೆ ಕನಿಷ್ಠ ಎಷ್ಟು ಮಂದಿ ಬೇಕು? ಮುಂದಿನ ಮೂರು ವರ್ಷದಾಗ ನಿವೃತ್ತಿ ಆಗೋ ಅಧ್ಯಾಪಕರ ಜಾಗಾಕ್ಕ ನೇಮಕಾತಿ ಆಗ್ತದೇನು? ಈ ಮೂರನೇದನ್ನ ಆಫೀಸಿಗೆ ಕೇಳಿದ್ರ ಉತ್ತರ ಬರೂದಿಲ್ಲ, ಅಲ್ಲಿ ಪಿಎಚ್‌ಡಿ ಮಾಡಾಕತ್ತಾವ್ರನ್ನ ಕೇಳಬೇಕು, ಅವರ ಹೆಸರು ವಿಭಾಗದ ಪುಟದಾಗ ಇರ್ತಾವ. ಎರಡು ವಾರ ಉತ್ತರ ಬರಲಿಲ್ಲಂದ್ರ ಒಮ್ಮೆ ನೆನಪಿನ ಮೇಲ್ ಕಳಸ್ರಿ. ಕಾಲೇಜಿನ ಮಾಸ್ತರಿಂದ ಒಂದ್ಸಲ ತಿದ್ದಿಸಿ ಕಳಿಸಿದ್ರ ಇನ್ನೂ ಛಲೋ, ಶಿಫಾರಸು ಪತ್ರ ಬರೀಬೇಕಾದವ್ರಿಗೂ ಆಗಿಂದನ ವಿಷಯ ಗೊತ್ತಿರ್ತದ.